ತಾಳಕ್ಕೆ ಕೂರದ ದನಿ

ಏಳನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಮನೆಗಳಲ್ಲಿ ಮೈಕ್‌ಸೆಟ್ ಹೊತ್ತು, ಸಿಂಧನೂರಿನಲ್ಲಿ ಸ್ವಂತ ರೆಕಾರ್ಡಿಂಗ್ ಸ್ಟುಡಿಯೋ ಮಾಡಿದವನು ನಾನು. ಸದ್ದು ಒಳಗೆ ಬರದಂತೆ ಗೋಡೆಗೆ ಹಳೆ ಸೀರೆ ಹೊಲಿದ ಕೌದಿ ಬಡಿದದ್ದೂ ನನ್ನ ಕೈಯೇ. ಯಾರ ಹತ್ತಿರವೂ ಕಲಿತವನಲ್ಲ. ಹಾಗಾಗಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಸಾಲಗುಂದದ ಗದ್ದೆಯಲ್ಲಿ ಒಬ್ಬ ಹೆಂಗಸಿನ ಹಾಡು ನನ್ನ ಕಿವಿಗೆ ಬಿತ್ತು. ಪಾಮನಕಲ್ಲೂರಿನಿಂದ ಭತ್ತದ ನಾಟಿಗೆ ಬರುವ ಹೆಂಗಸರ ಗುಂಪಿನಲ್ಲಿ ಹಾಡು ಎತ್ತುವವಳು ಆಕೆ. ಐವತ್ತು ದಾಟಿತ್ತು. ಬೈಕ್ ನಿಲ್ಲಿಸಿ, "ನಿನ್ನ ಹಾಡು ಫೋನಿನ್ಯಾಗ ಬರುವಂಗ ಮಾಡ್ತೀನಿ" ಎಂದೆ. ಆಕೆ ಗುಂಪಿನ ಕಡೆ ತಿರುಗಿ, "ಕೇಳಿದ್ರೇನಬೇ? ಇನ್ನ ನನ್ನ ದನಿ ಊರೂರಿಗೆ ಹೋಗತೈತಿ" ಎಂದು ಬೀಗಿದಳು.

ನಮ್ಮಲ್ಲಿ ಮೊದಲು ಕೀಬೋರ್ಡು, ಢೋಲಕ್ ಸೇರಿಸಿ ಟ್ರ್ಯಾಕ್ ಕಟ್ಟುತ್ತೇವೆ. ಆಮೇಲೆ ಅದರ ಮೇಲೆ ದನಿ ಕೂರಿಸುತ್ತೇವೆ. ಮೂರು ದಿನ ಕೂತು ಕಟ್ಟಿದೆ. ಆಕೆ ಇಳಕಲ್ ಸೀರೆ ಉಟ್ಟು ಬಂದು ಮೈಕಿನ ಮುಂದೆ ನಿಂತಳು. ಒಂದು ಸಾಲು ಹಾಡಿ ಸುಮ್ಮನಾದಳು. ಟ್ರ್ಯಾಕ್ ಮುಂದೆ ಓಡಿಹೋಯಿತು.

"ಯಾಕ ನಿಂತಿ?"

"ಅವರು ತಿರುಗಿ ಅನ್ನಬೇಕಲ್ರೀ ಅಣ್ಣಾರ."

"ಯಾರು?"

ಆಕೆ ಹಿಂದೆ ನೋಡಿದಳು. ಹಿಂದೆ ಕೌದಿ ಮಾತ್ರ ಇತ್ತು.

ಗದ್ದೆಯಲ್ಲಿ ಆಕೆ ಒಂದು ಸಾಲು ಎತ್ತುತ್ತಾಳೆ. ಉಳಿದವರು ಸಸಿ ಊರುತ್ತ ಅದನ್ನೇ ಹೇಳುತ್ತಾರೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದ ಮೇಲೆ ಆಕೆ ಮುಂದಿನ ಸಾಲು ಎತ್ತುತ್ತಾಳೆ. ಇದು ನನಗೆ ಗೊತ್ತಿತ್ತು. ಆದರೂ ಟ್ರ್ಯಾಕಿನಲ್ಲಿ ಅದಕ್ಕೆ ಜಾಗ ಬಿಟ್ಟಿರಲಿಲ್ಲ. ಬಿಚ್ಚಬೇಕಾದದ್ದು ಟ್ರ್ಯಾಕು. ನಾನು ಕಟ್ಟಿದ್ದನ್ನು ನಾನೇ ಹೇಗೆ ಬಿಚ್ಚಲಿ? ಸಂಜೆಯವರೆಗೂ ಆಕೆಯನ್ನು ನಿಲ್ಲಿಸಿಯೇ ಹಾಡಿಸಿದೆ.

"ಹೊಲದಾಗ ಭಾಳ ದೊಡ್ಡಾಕಿ ಅಂತಿ, ಇಲ್ಲಿ ನಾಕು ಸಾಲು ಬರವಲ್ದು. ಎಮ್ಮಿ ಆದ್ರೂ ಇಷ್ಟೊತ್ತಿಗೆ ತಾಳ ಕಲೀತಿತ್ತು!"

ಕೀಬೋರ್ಡಿನವನು ಕಿಸಕ್ಕನೆ ನಕ್ಕ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮಿ ಹಚ್ರಿ" ಎಂದಳು. ಗಂಟಲು ಕಟ್ಟುವವರೆಗೆ ಅದನ್ನೇ ಅನ್ನುತ್ತಿದ್ದಳು.

"ಆತು ಹೋಗು, ನಾ ಕೂಡಿಸ್ತೀನಿ" ಎಂದೆ. ಸುಳ್ಳು. ಮರುದಿನವೇ ಲಿಂಗಸುಗೂರಿನಿಂದ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯೊಬ್ಬಳನ್ನು ಕರೆಸಿ, ನಾಟಿಯವಳ ರೆಕಾರ್ಡಿಂಗ್ ಕೇಳಿಸಿ, ಹಾಡಿಸಿ ಮುಗಿಸಿದೆ.

ವಿಡಿಯೋಕ್ಕೆ ಅದೇ ಗದ್ದೆ, ಅದೇ ಗುಂಪು. ತಮ್ಮವಳ ಹಾಡೆಂದು ಎಲ್ಲರೂ ಖುಷಿಯಿಂದ ಒಪ್ಪಿದ್ದರು. ಹುಡುಗಿ ಬದುವಿನ ಮೇಲೆ ನಿಂತಳು. ಟ್ರ್ಯಾಕ್ಟರ್ ಮೇಲಿಟ್ಟ ಸ್ಪೀಕರಿನಿಂದ ಹಾಡು ಹೊರಟಿತು. ಹಾಡಿನ ಮೊದಲ ಸಾಲಿಗೇ ಬಗ್ಗಿದ್ದವರೆಲ್ಲ ಎದ್ದು ನಿಂತರು.

"ಏನಬೇ, ನಿನ್ನ ಗಂಟಲು ಸಿಂಧನೂರಿಗೆ ಹೋಗಿ ಹರೇದಾಕಿ ಆಗಿ ಬಂತೇನು?" ಎಂದಳು ಒಬ್ಬಳು. ಗದ್ದೆಗೆ ಗದ್ದೆಯೇ ನಕ್ಕಿತು.

ಆಕೆ ಸಸಿಯ ಕಟ್ಟು ಹಿಡಿದುಕೊಂಡೇ ಕೆಸರು ತುಳಿಯುತ್ತ ನನ್ನ ಹತ್ತಿರ ಬಂದಳು.

"ನನ್ನ ದನಿ ಎಲ್ಲೈತ್ರೀ?"

"ತಾಳಕ್ಕ ಕುಂದರಲಿಲ್ಲಬೇ. ಹಾಡು ನಿಂದ ಐತಲ್ಲ, ಸಾಕಾಗಂಗಿಲ್ಲೇನು?"

"ಹಾಡು ನಂದಲ್ರೀ. ನಮ್ಮವ್ವಂದು, ಅಕೀ ಅವ್ವಂದು. ದನಿ ಒಂದ ನಂದಿತ್ತು."

"ಬೆಳಕು ಹೋಗಾಕತ್ತೈತಿ. ನಡಿ, ಸಾಲಿಗೆ ನಿಂದ್ರು."

ಹೋಗಿ ನಿಂತಳು. ಹಾಡಿನಂತೆ ಬಾಯಿ ಆಡಿಸಿರೆಂದು ಎಲ್ಲರಿಗೂ ಹೇಳಿದೆ. ಆಡಿಸಿದರು. ಆಕೆಯ ಕೈ ನಿಲ್ಲಲಿಲ್ಲ, ಬಾಯಿ ಮಾತ್ರ ಬಿಚ್ಚಲಿಲ್ಲ. ಎಡಿಟಿಂಗಿನಲ್ಲಿ ಆ ಮುಚ್ಚಿದ ಬಾಯೊಂದೇ ಕಣ್ಣಿಗೆ ಹೊಡೆಯುತ್ತಿತ್ತು. ಚಿತ್ರವನ್ನು ಹಿಗ್ಗಿಸಿ ಆಕೆಯನ್ನು ಅಂಚಿನಿಂದಾಚೆ ತಳ್ಳಿದೆ.

ಕೊನೆಗೆ ಹೆಸರುಗಳ ಪಟ್ಟಿ. ಗಾಯನ, ಲಿಂಗಸುಗೂರಿನ ಹುಡುಗಿ. ಸಾಹಿತ್ಯ, ಜನಪದ. 'ಸಂಗ್ರಹ' ಎಂಬಲ್ಲಿ ಯಾರ ಹೆಸರು ಎಂದು ಕೀಬೋರ್ಡಿನವನು ಕೇಳಿದ. ನನ್ನದನ್ನೇ ಟೈಪ್ ಮಾಡಿ, ಹಾಡನ್ನು ಬಿಡುಗಡೆ ಮಾಡಿದೆ.