ಇಪ್ಪತ್ತೆರಡು ವರ್ಷ ಎದುರು ಬೆಂಚಿನಲ್ಲಿ

ನ್ಯೂಜೆರ್ಸಿಯಲ್ಲಿ ನನ್ನೆದುರು ನಿಂತು ಗೆದ್ದವರು ಇನ್ನೂ ಹುಟ್ಟಿಲ್ಲ. ನಮ್ಮ ಪ್ಲೇನ್ಸ್‌ಬರೋ ಕನ್ನಡ ಬಳಗಕ್ಕೆ ಹನ್ನೊಂದು ವರ್ಷದಿಂದ ನಾನೇ ಅಧ್ಯಕ್ಷ. ನಾನು ಕೆಮ್ಮಿದರೆ ಹಿಲ್ಸ್‌ಬರೋದವರು ಕೈ ಎತ್ತುತ್ತಾರೆ; ಸೀನಿದರೆ ವುಡ್‌ಬ್ರಿಡ್ಜ್‌ನವರು ಎರಡೂ ಕೈ ಎತ್ತುತ್ತಾರೆ.

ಮಾರ್ಗರೆಟಮ್ಮ ವೇಲ್ಸಿನವರು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇಪ್ಪತ್ತೆರಡು ವರ್ಷ ಕೂತವರು, ಅಷ್ಟೂ ವರ್ಷ ವಿರೋಧ ಪಕ್ಷದ ಬೆಂಚಿನಲ್ಲೇ. ಐದೇ ಜನರ ಪಕ್ಷ. ಅಧಿಕಾರ ಅದರ ಬೀದಿಗೂ ಕಾಲಿಟ್ಟಿರಲಿಲ್ಲ. ತಮ್ಮೂರಿನ ಹಳೆ ಗಣಿಯ ಕಸದ ಗುಡ್ಡ ಮನೆಗಳ ಮೇಲೆ ಕುಸಿಯದಂತೆ ಗೋಡೆ ಕಟ್ಟಿ ಎಂದು ಒಂಬತ್ತು ವರ್ಷ ಕೇಳಿದರಂತೆ. ಅಲ್ಲಿ ಮಾತಾಡಬೇಕಾದರೆ ಎದ್ದು ನಿಲ್ಲಬೇಕು. ಸಭಾಧ್ಯಕ್ಷರು ಕರೆಯದಿದ್ದರೆ ಕೂತು ಮತ್ತೆ ಏಳಬೇಕು. ಹಾಗೆ ಎದ್ದದ್ದನ್ನೆಲ್ಲ ಕೂಡಿಸಿದರೆ ಹಿಮಾಲಯವನ್ನು ಮೂರು ಸಲ ಹತ್ತಿದಷ್ಟಾಗುತ್ತದೆ. ಕೊನೆಗೆ ಗೋಡೆ ಎದ್ದಿತು. ಅದರ ಕಲ್ಲಿನ ಮೇಲೆ ಯಾರೋ ಮಂತ್ರಿಯ ಹೆಸರು.

ಈಗ ಅವರು ಮಗ ಡೇನಿಯಲ್, ಸೊಸೆ ಸಿಂಧು ಜೊತೆ ನಮ್ಮೂರಲ್ಲಿದ್ದಾರೆ. ಅದೇ ಮನೆಯಲ್ಲಿ ಸಿಂಧುವಿನ ತಾಯಿ ಚಿಕ್ಕತಾಯಮ್ಮ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದೆ ಬೀಗಿತ್ತಿಯರಿಬ್ಬರೂ ಎರಡು ವರ್ಷ ಬರೀ ನಕ್ಕೊಂಡೇ ಸಂಸಾರ ಮಾಡಿದರು. ಆಮೇಲೆ ಮಾರ್ಗರೆಟಮ್ಮ ಎಪ್ಪತ್ತಮೂರರ ವಯಸ್ಸಿನಲ್ಲಿ ಮೊಮ್ಮಗಳು ಆನ್ಯಾಳೊಂದಿಗೆ ನಮ್ಮ ಶನಿವಾರದ ಕನ್ನಡ ತರಗತಿಗೆ ಸೇರಿದರು. ಈಗ ಬೀಗಿತ್ತಿಯರು ಸಾರಿನ ಉಪ್ಪಿನ ಬಗ್ಗೆ ಜಗಳವನ್ನೂ ಆಡುತ್ತಾರೆ.

ಆ ತರಗತಿಯನ್ನೇ ಮುಚ್ಚಿ, ಹಾಲ್ ಅನ್ನು ಬ್ಯಾಡ್ಮಿಂಟನ್‌ಗೆ ಕೊಡಬೇಕೆಂದು ನಾನು ಹೊರಟೆ. ಸಮಿತಿಯಲ್ಲಿ ನನ್ನನ್ನು ಬಿಟ್ಟು ಎಂಟು ಜನ: ನನ್ನ ಕಡೆ ನಾಲ್ವರು, ಮಾರ್ಗರೆಟಮ್ಮನೂ ಸೇರಿ ಆ ಕಡೆ ನಾಲ್ವರು. ಸಮ ಬಿದ್ದರೆ ಮಾತ್ರ ಅಧ್ಯಕ್ಷನಿಗೆ ಮತ. ಅಂದರೆ ಗೆಲುವು ನನ್ನ ಜೇಬಿನಲ್ಲೇ ಇತ್ತು. ಆದರೆ ಸಭೆಯ ದಿನ ಬೆಳಿಗ್ಗೆ ನಮ್ಮ ಕಡೆಯ ಜಗದೀಶ್ ಅಪೆಂಡಿಕ್ಸ್ ಆಪರೇಷನ್ನಿಗೆ ಆಸ್ಪತ್ರೆ ಸೇರಿದ. ನನ್ನ ಕಡೆ ಮೂವರೇ ಉಳಿದರು.

ಕೈ ಎತ್ತುವ ಹೊತ್ತಿಗೆ ಮಾರ್ಗರೆಟಮ್ಮ ಎದ್ದು ನಿಂತರು.

"ಜಗದೀಶ್ ಆಸ್ಪತ್ರೆಯಲ್ಲಿ. ನಾನು ಕೈ ಎತ್ತುವುದಿಲ್ಲ. ಪಾರ್ಲಿಮೆಂಟಿನಲ್ಲಿ ನಮ್ಮ ಪದ್ಧತಿ ಅದು. ಎದುರಿನವರಲ್ಲಿ ಒಬ್ಬರಿಗೆ ಹುಷಾರಿಲ್ಲ ಅಂದರೆ ನಮ್ಮಲ್ಲೂ ಒಬ್ಬರು ಮತ ಹಾಕುವುದಿಲ್ಲ."

ಪಕ್ಕದಲ್ಲೇ ಇದ್ದ, ಅವರ ಕಡೆಯ ರಂಜನಿ ಕುರ್ಚಿಯಿಂದ ಹಾರಿದಳು. "ಆಂಟಿ, ವಾಟ್ ಆರ್ ಯೂ ಡೂಯಿಂಗ್? ಗೆದ್ದಾಗಿತ್ತಲ್ಲ!"

"ಗೊತ್ತು ಕಂದ."

ಮೂರಕ್ಕೆ ಮೂರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಶಾಲು ಸರಿಮಾಡಿಕೊಂಡು ಕೇಳಿದೆ: "ಏನ್ರೀ, ನಿಮ್ಮ ಪಾರ್ಲಿಮೆಂಟಲ್ಲಿ ಸಮ ಬಿದ್ರೆ ಸಭಾಧ್ಯಕ್ಷರು ಯಾರಿಗೆ ಓಟ್ ಹಾಕ್ತಾರೆ?"

"ಯಾರ ಕಡೆಗೂ ಅಲ್ಲ. ಇರುವುದು ಇರುವ ಹಾಗೆ ಉಳಿಯಲಿ ಎಂದು ಹಾಕುತ್ತಾರೆ. ಆದರೆ ಇದು ನಿಮ್ಮ ಸಭೆ."

ಅಷ್ಟು ಹೇಳಿ ಕೂತರು. ಬೇಡಿಕೊಳ್ಳಲಿಲ್ಲ, ಮುಖವನ್ನೂ ಸಣ್ಣ ಮಾಡಲಿಲ್ಲ. ಕೈಗೆ ಬಂದ ಗೆಲುವನ್ನು ಹಾಗೆ ಮೇಜಿನ ಮೇಲಿಟ್ಟು ಕೂತವರನ್ನು ನಾನು ಎಲ್ಲೂ ಕಂಡಿರಲಿಲ್ಲ. ನನ್ನ ಕೈಯೇನೋ ಬ್ಯಾಡ್ಮಿಂಟನ್ ಕಡೆಗೇ ಹೊರಟಿತ್ತು. ನಡುದಾರಿಯಲ್ಲಿ ಅದಕ್ಕೇ ನಾಚಿಕೆಯಾಯಿತು.

"ಕ್ಲಾಸು ಮುಂದುವರೀಲಿ," ಅಂದೆ.

ಕಾಫಿ ಹೊತ್ತಿಗೆ ಅವರ ಹತ್ತಿರ ಹೋದೆ. "ಅಲ್ಲ ಮಾರ್ಗರೆಟಮ್ಮ, ಸುಮ್ಮನೆ ಕೈ ಎತ್ತಿದ್ರೆ ನೀವೇ ಗೆಲ್ತಿದ್ರಿ. ಇಷ್ಟೆಲ್ಲ ರಿಸ್ಕ್ ಯಾಕೆ ತಗೊಂಡ್ರಿ?"

ಅವರು ಕಾಫಿ ಊದಿಕೊಳ್ಳುತ್ತ ಹೇಳಿದರು: "ನಾನು ಗೆದ್ದಿದ್ದರೆ ಜಗದೀಶ್ ಮನೆಗೆ ಬಂದ ಮರುದಿನವೇ ನೀವು ಇನ್ನೊಂದು ಸಭೆ ಕರೆಯುತ್ತಿದ್ದಿರಿ. ಈಗ ತರಗತಿ ಉಳಿಸಿದವರು ನೀವೇ. ನಿಮ್ಮ ವಿರುದ್ಧ ನೀವು ಹೇಗೆ ಸಭೆ ಕರೆಯುತ್ತೀರಿ, ಅಧ್ಯಕ್ಷರೇ?"