ದೂರೇನ್ರಿ?

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ‘ದೂರೇನ್ರಿ’ ಎಂದು ಕೇಳಬೇಕು ಎನ್ನುತ್ತಾರೆ ನಮ್ಮ ಕಡೆ. ಎಲ್ಲಿಗೆ ಎಂದರೆ ಹೊರಟ ಕೆಲಸ ಕೆಡುತ್ತದಂತೆ. ಹೆಂಡತಿ ಹೊಸ್ತಿಲು ದಾಟುವಾಗ ನಾನು ಬೇಕೆಂದೇ ‘ಎಲ್ಲಿಗೆ?’ ಎಂದು ಕೂಗಿ ಬೈಸಿಕೊಳ್ಳುತ್ತಿದ್ದೆ. ದೆವ್ವ, ಶಕುನ ಎಂದರೆ ನಗುವವರ ಪೈಕಿ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಆಗ ನಾನು ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಅಲ್ಲಿಯದು ಕಪ್ಪು ಮಣ್ಣಿನ ಎರೆ ಭೂಮಿ, ಮಳೆ ಬಿದ್ದರೆ ದಾರಿಯೆಲ್ಲ ಅಂಟು. ಒಂದು ಮಳೆಗಾಲ ಹೆಂಡತಿಗೆ ಏಳು ತಿಂಗಳಿಗೇ ನೋವು ಬಂದಾಗ ನಮ್ಮ ಸಣ್ಣ ಕಾರು ಊರು ದಾಟುವ ಮೊದಲೇ ಹೂತುಹೋಯಿತು. ಟ್ರ್ಯಾಕ್ಟರ್ ತಂದು ಎಳೆಸುವಷ್ಟರಲ್ಲಿ ತಡವಾಗಿತ್ತು. ಮಗು ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವಳು ಮತ್ತೆ ಬಸುರಿಯಾದಾಗ, ಆ ಕಾರು ಮಾರಿ, ಮಳೆ ಹಿಡಿಯುವ ಮುಂಚೆ ನಾಲ್ಕೂ ಗಾಲಿ ಎಳೆಯುವ ಗಾಡಿ ತರಲೇಬೇಕೆಂದು ಹುಡುಕಾಡಿದೆ.

ಹರಪನಹಳ್ಳಿಯಲ್ಲಿ ಅಂಥದೊಂದು ಹಳೇ ಗಾಡಿ ಮಾರಾಟಕ್ಕಿತ್ತು. ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ವಯಸ್ಸಾದ ತಾಯಿ; ಕೀಲಿ ಕೊಟ್ಟು ಓಡಿಸಿ ನೋಡಲು ಹೇಳಿದರು. ಎಂಜಿನ್ ಚೆನ್ನಾಗಿತ್ತು, ಆದರೆ ತಳಕ್ಕೆ ತುಕ್ಕು ಹಿಡಿದಿತ್ತು. ಬೇಕೋ ಬೇಡವೋ ಎಂದು ಮನಸ್ಸು ಹೊಯ್ದಾಡುತ್ತಿತ್ತು.

ಮಟಮಟ ಮಧ್ಯಾಹ್ನ. ನಾನು, ಹೆಂಡತಿ ಇಬ್ಬರೇ ಬಾಗಳಿ ಕಡೆ ಹೊರಟೆವು. ನೀರು ಹಾಯಿಸಿದ ಹೊಲದ ಬದಿಯ ಕೆಸರಿಗೆ ಬೇಕೆಂದೇ ಗಾಡಿ ಇಳಿಸಿ, ನಿಲ್ಲಿಸಿ, ನಾಲ್ಕೂ ಗಾಲಿಯ ಲಿವರ್ ಹಾಕಿದೆ. ಗಾಜು ಏರಿಸಿದ್ದೆವು. ರೇಡಿಯೊ ಕಿತ್ತ ಜಾಗ ಖಾಲಿ ಇತ್ತು. ಆಗ ಹಿಂದಿನ ಸೀಟಿನಿಂದ ಒಬ್ಬ ಗಂಡಸಿನ ದನಿ ಮೆತ್ತಗೆ ಕೇಳಿತು: “ದೂರೇನ್ರಿ?”

ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಹೆಂಡತಿ ಮಾತ್ರ ಕಿಟಕಿಯಾಚೆ ನೋಡುತ್ತಲೇ, ಓಣಿಯವರಿಗೆ ಹೇಳುವಂತೆ ಹೇಳಿದಳು: “ಇಲ್ರಿ, ಇಲ್ಲೇ. ಹೋಗಿ ಬರ್ತೀವಿ.” ಬದುವಿನ ಮೇಲಿಂದ ಯಾರೋ ಕೇಳಿದರೆಂದು ತಿಳಿದಿದ್ದಳಂತೆ. ಬದುವಿನ ಮೇಲೆ ಯಾರೂ ಇರಲಿಲ್ಲ. ಗಾಡಿ ಒಂದಿಷ್ಟೂ ಜಾರದೆ ಮೇಲೆ ಬಂತು.

ವಾಪಸು ಬಂದು ನಾನು ಬಾಯಿ ಮುಚ್ಚಿಕೊಂಡಿದ್ದೆ; ಹೆಂಡತಿ ಹೇಳಿಬಿಟ್ಟಳು. ಆ ತಾಯಿ ಕೀಲಿಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು:

“ಅದು ನಮ್ಮನಿಯೋರ ಮಾತು. ಯಾರು ಗಾಡಿ ಹತ್ತಿದ್ರೂ ಹಂಗ ಕೇಳೋರು. ಅವತ್ತು ಅವ್ರು ಕೊಟ್ಟೂರಿಗೆ ಹೊಂಟಾಗ ನಾನು ಬಾಯಿ ತಪ್ಪಿ ಎಲ್ಲಿಗೆ ಅಂದ್ಬಿಟ್ಟೆ. ಎದಿನೋವು ಬಂದು ಅಲ್ಲೇ ಹೋದ್ರು.” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ದಿನಾ ಗಾಡ್ಯಾಗ ಕುಂತು ನೋಡೀನಿ. ನನಗ ಒಮ್ಮೆನೂ ಕೇಳ್ಸಿಲ್ಲ.”

ನನಗೆ ಆ ಗಾಡಿ ಬೇಡವೇ ಬೇಡ ಅನಿಸಿತು. ಊರಿಗೆ ಮರಳುವ ಬಸ್ಸಿನಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಂದಳು: “ತಗೊಳ್ರಿ. ಕೇಳೋರು ಒಬ್ರು ಇರ್ಲಿ.”

ತೆಗೆದುಕೊಂಡೆವು. ಆ ಮಳೆಗಾಲ ಅದೇ ಎರೆ ದಾರಿಯಲ್ಲಿ ಗಾಡಿ ಎಲ್ಲೂ ಹೂತುಹೋಗಲಿಲ್ಲ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆ ದನಿ ಮತ್ತೆ ಕೇಳಿಲ್ಲ. ಇಬ್ಬರಿಗೂ ಒಟ್ಟಿಗೆ ಭ್ರಮೆಯಾಯಿತೆಂದು ಹೇಳಿಕೊಂಡು ನೋಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ.

ಆದರೆ ಹೆಚ್ಚು ಕಾಡುವುದು ಗಾಡಿ ತಂದ ದಿನ. ಆ ತಾಯಿ ನಮ್ಮಿಬ್ಬರ ಮುಖ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು, ಖಾಲಿ ಸೀಟನ್ನು ಅಂಗೈಯಿಂದ ಸವರಿ, “ಹೋಗಿ ಬರ್ರಿ” ಎಂದು ಬಾಗಿಲು ಹಾಕಿದರು. ಅಂದದ್ದು ನಮಗೋ, ತಮ್ಮ ಯಜಮಾನರಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.