ಹಳಿ ಕಿತ್ತ ಊರಿನಲ್ಲಿ

ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ, ನಾಲ್ಕು ಲಾರಿ ಒಟ್ಟಿಗೆ ಹೋಗುವಷ್ಟು ಅಗಲದ ಬೀದಿ. ಒಂದು ನರಪಿಳ್ಳೆಯೂ ಇಲ್ಲ. ಇವತ್ತು ಬಂದ್ ಇರಬೇಕು ಎಂದುಕೊಂಡೆ. ದಿನಸಿ ಅಂಗಡಿ ನೋಡಿಕೊಳ್ಳಲು ಮೊದಲೇ ಬಂದಿದ್ದ ನನ್ನ ಗಂಡ ಇಮ್ತಿಯಾಜ್, ದಿನವೂ ಹೀಗೆಯೇ ಎಂದರು. ಸುಗ್ಗಿಯಲ್ಲಿ ನಮ್ಮ ಬ್ಯಾಡಗಿಗೆ ಬಂದವರಿಗೆ ಬಸ್ಸಿಳಿಯುವ ಮೊದಲೇ ಮೆಣಸಿನಕಾಯಿ ಘಾಟಿಗೆ ಸೀನು. ದಕ್ಷಿಣ ಆಫ್ರಿಕದ ಕುರುಚಲು ಬಯಲಿನ ಈ ಊರಿಗೆ ವಾಸನೆಯೇ ಇರಲಿಲ್ಲ.

ಪಕ್ಕದ ಮನೆಯ ಮುದುಕಿ ಆನಾಳನ್ನು ಎಲ್ಲರೂ 'ತನ್ನಿ' ಎನ್ನುತ್ತಿದ್ದರು. ಏನು ತರಬೇಕೋ ಎಂದು ತಬ್ಬಿಬ್ಬಾದೆ. ಇಲ್ಲಿಯ ಆಫ್ರಿಕಾನ್ಸ್ ಭಾಷೆಯಲ್ಲಿ ಅದು ಚಿಕ್ಕಮ್ಮ ಎಂದರ್ಥ.

ಊರಿನ ಕಥೆ ಹೇಳಿದ್ದು ಆಕೆಯೇ. ಉಗಿಬಂಡಿಗಳು ನೀರು ತುಂಬಿಸಿಕೊಳ್ಳಲು ನಿಲ್ಲುತ್ತಿದ್ದುದರಿಂದ ಊರು ಹುಟ್ಟಿತಂತೆ. ಸುತ್ತಲಿನ ಜಮೀನುಗಳ ಉಣ್ಣೆ ಇಲ್ಲಿಂದಲೇ ರೈಲು ಹತ್ತುತ್ತಿತ್ತು. ಹೋಟೆಲು, ಬ್ಯಾಂಕು ಬಿಳಿಯರ ಬೀದಿಯಲ್ಲಿ. ಕೆಲಸದವರಿಗೆ ಹಳಿಯಾಚೆ 'ಲೊಕಾಸಿ' ಎಂಬ ಕೇರಿ. ಆನಾ ಹುಟ್ಟಿದ್ದು ಅಲ್ಲಿ. ವರ್ಣಭೇದದ ಕಾನೂನು ಹೋಗಿ ಆಕೆ ಈಚೆ ಮನೆ ಮಾಡುವ ಹೊತ್ತಿಗೆ ರೈಲು ನಿಂತಿತ್ತು, ಬ್ಯಾಂಕು ಮುಚ್ಚಿತ್ತು. ಕುರಿ ಮೇಯುತ್ತಿದ್ದ ಜಮೀನು ಶ್ರೀಮಂತರ ಬೇಟೆಯ ಬಯಲಾಗಿ, ಕುರಿ ಕಾಯುವವರು ಬರಿಗೈಯಾದರು. ಈಗ ಸರ್ಕಾರದ ಪಿಂಚಣಿ ಬಂದ ದಿನವಷ್ಟೇ ನಮ್ಮ ಅಂಗಡಿಯಲ್ಲಿ ಜನ.

ಹೋದ ವರ್ಷ, ರೈಲಿನವರು ಬಂದಿದ್ದಾರೆಂಬ ಸುದ್ದಿ ಹಬ್ಬಿತು. ಆನಾ ಚರ್ಚಿನ ಟೋಪಿ ಹಾಕಿಕೊಂಡು, ನನ್ನ ಕೈ ಹಿಡಿದು ಸ್ಟೇಷನ್ನಿಗೆ ಓಡಿದಳು. ಅರ್ಧ ಊರೇ ಅಲ್ಲಿತ್ತು.

"ರೈಲು ಯಾವಾಗ ಬರುತ್ತೆ?" ಕೇಳಿದಳು.

"ಹಳಿ ಕೀಳೋಕೆ ಬಂದಿದ್ದೀವಿ, ತನ್ನಿ. ಗುಜರಿಗೆ," ಎಂದ ಕೆಲಸಗಾರ, ತಲೆಯೆತ್ತದೆ.

ಅವಳ ಗಂಡ ಬದುಕಿರುವವರೆಗೂ ಆ ಹಳಿಗಳನ್ನೇ ರಿಪೇರಿ ಮಾಡಿದ್ದ. ಆನಾ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತಳು, ಪಕ್ಕದಲ್ಲಿ ನಾನು. ನಾನು ಕಲಿತ ಆಫ್ರಿಕಾನ್ಸಿನಲ್ಲಿ ಬೆಲೆ, ತೂಕ, ನಮಸ್ಕಾರ ಇದ್ದವು. ಸಮಾಧಾನದ ಒಂದು ಮಾತೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಆಕೆ ಮನೆಯ ಕೀಲಿ ನನ್ನ ಕೈಗಿಟ್ಟು, ಮಗಳಿರುವ ಕೇಪ್‌ಟೌನಿಗೆ ಹೊರಟುಹೋದಳು.

ಮೊನ್ನೆ ಬ್ಯಾಡಗಿಯಿಂದ ಗೆಳತಿ ಗಿರಿಜಾ ಫೋನ್ ಮಾಡಿದ್ದಳು. "ಯಾವಾಗ ಬರ್ತೀ ಶಮೀಮಾ?"

"ಆನಾನ ಗಿಡಕ್ಕ ನೀರು ಹಾಕಾಕತ್ತೇನಿ. ಹೆಂಗ ಬಿಟ್ಟ ಬರ್ಲಿ?"

"ಆಕಿ ತಿರುಗಿ ಬರ್ತಾಳೇನು?"

"ಇಲ್ಲ."

"ಮತ್ತ?"

"ನಮ್ಮೂರಾಗ ಬಿಸಲು ಭಾಳ, ಗಿರಿಜಾ. ಲಗೂ ಒಣಗತಾವ."

"ಯಾವ ನಮ್ಮೂರ?"